ಅಡಾಪ್ಟರ್ ಚುಚ್ಚಿದ ಕೂಡಲೇ ಅದರ ಲೈಟ್ ಆರುತ್ತೆ, ಲ್ಯಾಪ್‌ಟಾಪ್ ಆನ್ ಆಗಲ್ಲ

ಪ್ರಶ್ನೆ:
ಅಡಾಪ್ಟರ್ 19.5 ವೋಲ್ಟ್, 65 ವ್ಯಾಟ್, ದುಂಡು ಪಿನ್. ಗೋಡೆಗೆ ಹಾಕಿದಾಗ ಲೈಟ್ ಉರಿಯುತ್ತೆ, ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಆರಿಹೋಗುತ್ತೆ. ಪವರ್ ಬಟನ್ ಒತ್ತಿದರೆ ಫ್ಯಾನ್ ಕೂಡ ತಿರುಗಲ್ಲ. ಬ್ಯಾಟರಿ ಒಳಗಡೆ ಕೂತಿದೆ. ಮದರ್‌ಬೋರ್ಡೇ ಬದಲಿಸಬೇಕಾ?

ಉತ್ತರ 1:
ಲೈಟ್ ಆರೋದೇ ಸುಳಿವು. ಒಂದೋ ಅಡಾಪ್ಟರ್ ಲೋಡ್ (ಲ್ಯಾಪ್‌ಟಾಪ್ ಎಳೆಯುವ ಕರೆಂಟ್) ತಡೀತಿಲ್ಲ, ಇಲ್ಲವೇ ಒಳಗೆ ಶಾರ್ಟ್ ಆಗಿ ಅಡಾಪ್ಟರ್ ತನ್ನನ್ನು ತಾನೇ ಕಾಪಾಡಿಕೊಳ್ತಿದೆ. ಮಲ್ಟಿಮೀಟರ್ 19.5 ತೋರಿಸಿತು ಅಂತ ಅಡಾಪ್ಟರ್ ಸರಿಯಿದೆ ಅನ್ನಬೇಡಿ, ಅದು ಲೋಡ್ ಇಲ್ಲದ ಲೆಕ್ಕ. ಅದೇ ವೋಲ್ಟ್, ಅದೇ ಪಿನ್, 65 ವ್ಯಾಟ್ ಅಥವಾ ಹೆಚ್ಚಿನದ್ದು ಹಾಕಿ ನೋಡಿ.

ಉತ್ತರ 2:
ಬೇರೆ ಅಡಾಪ್ಟರ್ ಹಾಕಿದರೂ ಲೈಟ್ ಆರಿದರೆ ಅದನ್ನು ತೆಗೆದು ಲ್ಯಾಪ್‌ಟಾಪ್ ಹಿಂಬದಿ ಬಿಚ್ಚಿ. ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜಿಂಗ್ ಜ್ಯಾಕ್‌ನ ವೈರನ್ನು ಬೋರ್ಡ್‌ನಿಂದ ಬಿಡಿಸಿ ಅಡಾಪ್ಟರ್ ಚುಚ್ಚಿ. ಆಗಲೂ ಲೈಟ್ ಆರಿದರೆ ಜ್ಯಾಕೇ ಶಾರ್ಟ್, ಅಗ್ಗದಲ್ಲಿ ಮುಗಿಯುತ್ತೆ. ಲೈಟ್ ಆರದೆ ಉರೀತಾನೇ ಇದ್ದರೆ ದೋಷ ಇರೋದು ಬೋರ್ಡ್‌ನಲ್ಲಿ. ಎಲ್ಲ ಕರೆಂಟ್ ತೆಗೆದು ಬೋರ್ಡ್‌ನಲ್ಲಿ ಅಡಾಪ್ಟರ್‌ನ 19.5 ವೋಲ್ಟ್ ಬರುವ ಲೈನ್ ಮತ್ತು ಗ್ರೌಂಡ್ ನಡುವೆ ಓಮ್ ಅಳೆಯಿರಿ. ಒಂದೆರಡು ಓಮ್ ಬಂದರೆ ಹೆಚ್ಚಾಗಿ ಸೆರಾಮಿಕ್ ಕೆಪಾಸಿಟರ್ ಅಥವಾ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಬಿಡಿಭಾಗ) ಸುಟ್ಟಿರುತ್ತೆ. ಚಿಪ್ ಮಟ್ಟದ ರಿಪೇರಿ ಮಾಡುವವರು ಅದೊಂದನ್ನೇ ಬದಲಿಸ್ತಾರೆ. ಇಡೀ ಬೋರ್ಡ್ ಬದಲಿಸೋದು ಕೊನೆಯ ಮಾತು.

ಉತ್ತರ 3:
ಬಿಚ್ಚಿದಾಗ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಮತ್ತೆ ಚಾರ್ಜ್‌ಗಂತೂ ಹಾಕಲೇಬೇಡಿ.

ಟೈಪ್-ಸಿ ಮಾಡೆಲ್ ಇರುವವರಿಗೆ: ಯುಎಸ್‌ಬಿ ಮೀಟರ್‌ನಲ್ಲಿ (ಚಾರ್ಜರ್ ಕೊಡುವ ವೋಲ್ಟ್ ತೋರಿಸುವ ಪುಟ್ಟ ಸಾಧನ) 20 ವೋಲ್ಟ್‌ಗೆ ಏರದೆ 5 ವೋಲ್ಟಲ್ಲೇ ನಿಂತರೆ ಮೊದಲು ಕೇಬಲ್ ಬದಲಿಸಿ.