ಪಿಎಲ್ (ಫೋಟೋಲ್ಯೂಮಿನೆಸೆನ್ಸ್, ಬೆಳಕು ಬಿದ್ದಾಗ ವಸ್ತು ಹೊಮ್ಮಿಸುವ ಬೆಳಕು) ಸ್ಪೆಕ್ಟ್ರಮ್ ಅನ್ನು ನ್ಯಾನೋಮೀಟರ್‌ನಿಂದ ಇವಿಗೆ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ತಿರುಗಿಸುವಾಗ ವೈ ಕಾಲಂ (ಇಂಟೆನ್ಸಿಟಿ) ಕೂಡ ಬದಲಾಗಬೇಕಾ?

ಪ್ರಶ್ನೆ (ಬಳ್ಳಾರಿ, ಎಂ.ಎಸ್ಸಿ. ವಿದ್ಯಾರ್ಥಿನಿ)
ಪ್ರಾಜೆಕ್ಟ್‌ಗೆ ಸೀರಿಯಂ ಸೇರಿಸಿದ ಯಾಗ್ (ಯಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್) ಫಾಸ್ಫರ್, ಅಂದರೆ ಬೆಳಕು ಹೀರಿ ಬೇರೆ ಬಣ್ಣದ ಬೆಳಕು ಕೊಡುವ ವಸ್ತು, ಮಾಡಿದ್ದೇವೆ. 550 ನ್ಯಾನೋಮೀಟರ್‌ಗೆ ಪೀಕ್, ಅರ್ಧ ಎತ್ತರದಲ್ಲಿ ಅಗಲ ಸುಮಾರು 120. ಗೌಸಿಯನ್ (ಗಂಟೆಯಾಕಾರದ ಗೆರೆ) ಫಿಟ್ಟಿಂಗ್ ಇವಿಯಲ್ಲೇ ಮಾಡು ಅಂತ ಗೈಡ್ ಹೇಳಿದ್ದಾರೆ. ಎಕ್ಸೆಲ್‌ನಲ್ಲಿ 1239.84 ಅನ್ನು ತರಂಗಾಂತರದಿಂದ ಭಾಗಿಸಿದೆ. ಇಂಟೆನ್ಸಿಟಿ ಕಾಲಂ ಮುಟ್ಟಿಲ್ಲ. ಅದನ್ನೂ ಬದಲಿಸಬೇಕು ಅಂತಾರೆ ಒಬ್ಬ ಸೀನಿಯರ್. ಇನ್ನೊಬ್ಬರು ಬೇಡ ಅಂತಾರೆ. ಯಾವುದು ಸರಿ?

ಉತ್ತರ (ರಾಯಚೂರು, ಪಿಯು ಲೆಕ್ಚರರ್)
ಬದಲಿಸಲೇಬೇಕಮ್ಮ. ಮಷಿನ್ ಕೊಟ್ಟಿದ್ದು ಪ್ರತಿ ನ್ಯಾನೋಮೀಟರ್‌ಗೆ ಎಷ್ಟು ಬೆಳಕು ಅಂತ. ನಿಮಗೆ ಬೇಕಿರುವುದು ಪ್ರತಿ ಇವಿಗೆ ಎಷ್ಟು ಅಂತ. ಎಕರೆಗೆ ಇಷ್ಟು ಚೀಲ ಭತ್ತ ಅಂದಿದ್ದನ್ನು ಗುಂಟೆ ಲೆಕ್ಕದಲ್ಲಿ ಹೇಳುವಾಗ ಅಂಕಿ ಹಾಗೇ ಉಳಿಯುತ್ತದಾ? ಸ್ಪೆಕ್ಟ್ರಮ್‌ನಲ್ಲಂತೂ ಜಾಗದಿಂದ ಜಾಗಕ್ಕೆ ಗುಂಟೆಯ ಅಳತೆಯೇ ಬೇರೆ. 500ರ ಹತ್ತಿರ 10 ನ್ಯಾನೋಮೀಟರ್ ಅಂದರೆ 0.050 ಇವಿ. 700ರ ಹತ್ತಿರ ಅದೇ 10 ಅಂದರೆ 0.025. ಅಂದರೆ ಅಲ್ಲಿನ ಬೆಳಕು ಅರ್ಧ ಜಾಗದಲ್ಲಿ ತುಂಬಿಕೊಳ್ಳುತ್ತದೆ.

ಹಾಗಾಗಿ ಇಂಟೆನ್ಸಿಟಿಯನ್ನು ತರಂಗಾಂತರದ ವರ್ಗದಿಂದ ಗುಣಿಸಿ, 1239.84ರಿಂದ ಭಾಗಿಸಿ. ನಾರ್ಮಲೈಸ್ ಮಾಡುವುದಾದರೆ (ಪೀಕ್ ಎತ್ತರವನ್ನು 1 ಮಾಡುವುದಾದರೆ) ಈ ಭಾಗಾಕಾರ ಬಿಟ್ಟರೂ ನಡೆಯುತ್ತದೆ. ಡಿಟೆಕ್ಟರ್ ಕರೆಕ್ಷನ್ (ಡಿಟೆಕ್ಟರ್ ಎಲ್ಲ ತರಂಗಾಂತರಗಳನ್ನೂ ಒಂದೇ ಥರ ಅಳೆಯದಿರುವುದನ್ನು ಸರಿಪಡಿಸುವುದು) ಮಾತ್ರ ಮೊದಲೇ, ನ್ಯಾನೋಮೀಟರ್‌ನಲ್ಲೇ ಮುಗಿದಿರಬೇಕು.

ಪ್ರಶ್ನೆ ಕೇಳಿದವರು
ಮಾಡಿದೆ ಸರ್. ಪೀಕ್ 2.254 ಇವಿ ಇದ್ದದ್ದು 2.217ಕ್ಕೆ ಬಂತು! ತಿರುಗಿಸಿದರೆ 559 ನ್ಯಾನೋಮೀಟರ್ ಆಗುತ್ತದೆ. 550 ತಪ್ಪಾ ಹಾಗಾದರೆ?

ಉತ್ತರ (ರಾಯಚೂರು)
ಎರಡೂ ಸರಿ. ಯಾವ ಸ್ಕೇಲ್‌ನ ಪೀಕ್ ಅಂತ ಬರೆದರೆ ಸಾಕು. ಸೂರ್ಯನಿಗೂ ಹೀಗೇ ಅಲ್ವಾ? ಸುಮಾರು 5800 ಕೆಲ್ವಿನ್‌ನ ಕಪ್ಪುಕಾಯ (ಬಿಸಿಯಿಂದಷ್ಟೇ ಬೆಳಗುವ ಆದರ್ಶ ವಸ್ತು) ಅಂದುಕೊಂಡರೆ ತರಂಗಾಂತರದಲ್ಲಿ ಪೀಕ್ 500 ನ್ಯಾನೋಮೀಟರ್ ಹತ್ತಿರ. ಫ್ರೀಕ್ವೆನ್ಸಿಯಲ್ಲಿ ನೋಡಿದರೆ ಅದು 880 ನ್ಯಾನೋಮೀಟರ್ ಹತ್ತಿರಕ್ಕೆ, ಇನ್‌ಫ್ರಾರೆಡ್‌ಗೆ ಹೋಗುತ್ತದೆ.

ಉತ್ತರ (ಕೊಪ್ಪಳ, ಪಿಎಚ್‌ಡಿ ಮಾಡುತ್ತಿರುವವ)
ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಮ್ಮ ಹಳದಿ ಬ್ಯಾಂಡ್ ಒಂದೇ ಗೌಸಿಯನ್ ಅಲ್ಲ. ಸೀರಿಯಂನ ಕೆಳಗಿನ ಶಕ್ತಿಮಟ್ಟ ಎರಡಾಗಿ ಒಡೆದಿದೆ. ನಡುವೆ ಸುಮಾರು 0.25 ಇವಿ ಅಂತರ. ವರ್ಗದಿಂದ ಗುಣಿಸದೇ ಎರಡು ಗೌಸಿಯನ್ ಕೂರಿಸಿದರೆ ಕೆಂಪು ಕಡೆಯದು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಗೈಡ್ ಮೊದಲು ಅಲ್ಲೇ ಹಿಡಿಯುತ್ತಾರೆ.

ಗ್ರಾಫ್‌ನ ಗೆರೆಯ ಕೆಳಗಿನ ಏರಿಯಾ ತೆಗೆದು ನೋಡಿ. ಎರಡೂ ಸ್ಕೇಲ್‌ನಲ್ಲಿ ಒಂದೇ ಬರಬೇಕು, 1239.84ರ ಆ ಭಾಗಾಕಾರ ಬಿಟ್ಟಿರದಿದ್ದರೆ. ಇವಿ ಕಾಲಂನಲ್ಲಿ ಬಿಂದುಗಳ ಅಂತರ ಸಮ ಇರುವುದಿಲ್ಲ, ಸುಮ್ನೆ ಕೂಡಿಸಬೇಡಿ. ಅಬ್ಸಾರ್ಬೆನ್ಸ್ (ವಸ್ತು ಎಷ್ಟು ಬೆಳಕು ಹೀರುತ್ತದೆ ಎಂಬ ಅಳತೆ) ಡೇಟಾಗೆ ಮಾತ್ರ ಈ ಗುಣಾಕಾರ ಹಾಕಲೇಬೇಡಿ. ಅದು ಎರಡು ಬೆಳಕಿನ ಅನುಪಾತದಿಂದ ಬರುವ ಅಂಕಿ. ಅದಕ್ಕೆ ಎಕ್ಸ್ ಕಾಲಂ ಬದಲಿಸಿದರೆ ಸಾಕು.