ಮಳೆಗಾಲದಲ್ಲಿ ಲಿನೋ ಪ್ರಿಂಟ್ ಶುರು ಮಾಡುವುದು: ಗೊತ್ತಿದ್ದವರು ಹೇಳಿ

ಕೇಳಿದವರು: ವಿನೋಬನಗರ, ಶಿವಮೊಗ್ಗ
ಮನೆಯಲ್ಲೇ ಪ್ರಿಂಟ್ ಮಾಡುವುದನ್ನು ಕಲಿಯಬೇಕು ಅಂತಿದೆ. ಪ್ರೆಸ್ ಇಲ್ಲ. ಲಿನೋ ಶೀಟ್ (ಲಿನೋಲಿಯಂ, ನೆಲಹಾಸಿನಂಥ ಮೆತ್ತನೆ ಶೀಟು) ಕೆತ್ತಿ, ಅಕ್ರಿಲಿಕ್ ಬಣ್ಣ ಬಳಿದು, 200 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಡ್ರಾಯಿಂಗ್ ಹಾಳೆ ಇಟ್ಟು ಚಮಚದಲ್ಲಿ ಉಜ್ಜಿದರೆ ಬರೀ ಚುಕ್ಕೆ ಚುಕ್ಕೆ. ಅಕ್ಷರ ಉಲ್ಟಾ. ಈ ಮಳೆ ಬೇರೆ. ಎಲ್ಲಿಂದ ಸರಿ ಮಾಡಲಿ? ಲಿನೋ ಬಿಟ್ಟು ಮರಕ್ಕೆ ಹೋಗಲಾ?

ಶಿವಮೊಗ್ಗ, ಪ್ರಿಂಟಿಂಗ್ ಪ್ರೆಸ್
ಲಿನೋ ಬಿಡಬೇಡಿ, ಬಣ್ಣ ಮತ್ತು ಹಾಳೆ ಬದಲಿಸಿ. ಟ್ಯೂಬಿನ ಅಕ್ರಿಲಿಕ್‌ಗೆ ಅಂಟು ಸಾಲದು, ನೀವು ಅರ್ಧ ಉಜ್ಜುವಷ್ಟರಲ್ಲಿ ಇನ್ನರ್ಧ ಒಣಗಿರುತ್ತೆ. ಬ್ಲಾಕ್ ಪ್ರಿಂಟಿಂಗ್ ಇಂಕ್ ತರಿಸಿ. ಸಿಗದಿದ್ದರೆ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕರಿ ಇಂಕು ಕೇಳಿ, ಒಂದು ಸಣ್ಣ ಡಬ್ಬಿ ತುಂಬಾ ದಿನ ಬರುತ್ತೆ. ಎಣ್ಣೆ ಇಂಕು ಗಟ್ಟಿ ಅನಿಸಿದರೆ ಎರಡೇ ಎರಡು ಹನಿ ಲಿನ್‌ಸೀಡ್ ಎಣ್ಣೆ. ಜಾಸ್ತಿಯಾದರೆ ಇಂಕು ಸಣ್ಣ ಗೆರೆಯೊಳಗೆ ಇಳಿದು ಮುಚ್ಚಿಬಿಡುತ್ತೆ.

ಗಾಜಿನ ಮೇಲೆ ಅರ್ಧ ಟೀ ಚಮಚ ಇಂಕು ಹಾಕಿ. 15 × 20 ಸೆಂ.ಮೀ. ಬ್ಲಾಕಿಗೆ (ಕೆತ್ತಿದ ಲಿನೋ ತುಂಡಿಗೆ) ಶುರುವಿಗೆ ಅಷ್ಟು ಸಾಕು. ರಬ್ಬರ್ ರೋಲರನ್ನು ಉದ್ದಕ್ಕೂ ಅಡ್ಡಕ್ಕೂ ಆಡಿಸಿ, ಪ್ರತಿ ಸಲ ಎತ್ತಿ ಇಡಿ. ಎತ್ತದೆ ಹಿಂದೆ ಮುಂದೆ ಎಳೆದರೆ ರೋಲರಿನ ಅದೇ ಭಾಗ ಅದೇ ಜಾಗಕ್ಕೆ ಬರುತ್ತೆ, ಇಂಕು ಸಮ ಆಗಲ್ಲ. ಕಿವಿ ಕೊಟ್ಟು ಕೇಳಿ: ಸಣ್ಣಗೆ ಚರ್ ಅಂದರೆ ಹದ, ಪಚಪಚ ಅಂದರೆ ಜಾಸ್ತಿ. ಬ್ಲಾಕಿಗೆ ಒಂದೇ ಸಲ ದಪ್ಪಗೆ ಬಳಿಯಬೇಡಿ, ತೆಳ್ಳಗೆ ನಾಲ್ಕೈದು ಸಲ ಹಾಯಿಸಿ. ಹೊಸ ಬ್ಲಾಕಿನ ಮೊದಲ ಎರಡು ಮೂರು ಪ್ರಿಂಟ್ ಪೇಲವವಾಗಿಯೇ ಬರುತ್ತೆ. ಅವನ್ನು ರದ್ದಿ ನ್ಯೂಸ್‌ಪ್ರಿಂಟ್ ಮೇಲೆ ತೆಗೆಯಿರಿ.

ಚುಕ್ಕೆ ನೋಡಿದರೇ ಕಾರಣ ಗೊತ್ತಾಗುತ್ತೆ. ಇಡೀ ಪ್ರಿಂಟಿನ ಮೇಲೆ ರವೆ ಉದುರಿಸಿದ ಹಾಗಿದ್ದರೆ ಇಂಕು ಕಡಿಮೆ, ಒತ್ತಡ ಸಾಲದು ಅಥವಾ ಹಾಳೆ ಒರಟು. ಒಂದೇ ಜಾಗದಲ್ಲಿ ಇಂಕು ಹಿಡಿಯದಿದ್ದರೆ ಲಿನೋ ಮೇಲೆ ಕೈಜಿಡ್ಡು ಇದೆ. ಕೆತ್ತುವ ಮೊದಲೇ 400 ನಂಬರ್ ಉಪ್ಪುಕಾಗದದಲ್ಲಿ ಹಗುರಾಗಿ ತಿಕ್ಕಿ, ಸ್ಪಿರಿಟ್‌ನಲ್ಲಿ ಒರೆಸಿ. ಕಪ್ಪು ಕಣದ ಸುತ್ತ ಬಿಳಿ ಉಂಗುರ ಬಂದರೆ ಅದು ಧೂಳು ಅಥವಾ ಲಿನೋ ಪುಡಿ.

ಸಾಗರ, ಚಿತ್ರಕಲಾ ಶಿಕ್ಷಕಿ
ಅಕ್ಷರಕ್ಕೆ ಸುಲಭ ದಾರಿ ಇದೆ. ಬಟರ್ ಪೇಪರಿನ ಮೇಲೆ 4ಬಿ ಪೆನ್ಸಿಲಿನಲ್ಲಿ ನೇರವಾಗಿ ಬರೆಯಿರಿ. ಬರೆದ ಮುಖವನ್ನು ಲಿನೋ ಮೇಲೆ ಕವುಚಿ ಹಾಕಿ ಬೆನ್ನ ಮೇಲೆ ಉಜ್ಜಿ. ಲಿನೋ ಮೇಲೆ ತಾನಾಗಿ ಉಲ್ಟಾ ಇಳಿಯುತ್ತೆ, ಪ್ರಿಂಟಿನಲ್ಲಿ ನೇರ ಬರುತ್ತೆ. ಪೆನ್ಸಿಲ್ ಅಳಿಸದ ಹಾಗೆ ಮಾರ್ಕರಿನಲ್ಲಿ ತಿದ್ದಿಕೊಳ್ಳಿ. ಕನ್ನಡ ಅಕ್ಷರ ಎರಡೂವರೆ ಸೆಂ.ಮೀ. ಎತ್ತರಕ್ಕಿಂತ ಸಣ್ಣದು ಬೇಡ. ಒತ್ತಕ್ಷರ ಮುರಿಯುತ್ತೆ. ‘ಠ’ದ ಒಳಗಿನ ಚುಕ್ಕೆ ಹಾರಿಹೋಗಿ ‘ರ’ ಆಗಿ ಕೂತರೆ ಇಡೀ ಪದವೇ ಕೆಟ್ಟಿತು!

ಅದಕ್ಕೇ ಮೊದಲ ಬ್ಲಾಕಿಗೆ ಅಕ್ಷರ ಬೇಡ, ನಮ್ಮ ಮಲೆನಾಡಿನ ಗೋಡೆ ಚಿತ್ರ ಹಸೆ ಚಿತ್ತಾರದ ಎಳೆ ತಗೊಳ್ಳಿ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಲಿನೋದಲ್ಲೂ ಅದೇ ಲೆಕ್ಕ: ಕೆತ್ತಿದ್ದು ಹಾಳೆಯ ಬಿಳಿಯಾಗಿ ಉಳಿಯುತ್ತೆ, ಬಿಟ್ಟಿದ್ದು ಬಣ್ಣವಾಗುತ್ತೆ. ವಿ ಆಕಾರದ ಬಾಯಿಯ ಉಳಿ ಒಂದೇ ಸಾಕು. ಇಟ್ಟಿಗೆ ಕೆಂಪು ಇಂಕು ಹಾಕಿದರೆ ಮುಗಿಯಿತು. ನೇರ ಗೆರೆ, ಓರೆ ಗೆರೆ, ಸಮ ಅಂತರ, ಮೂರೂ ಕೈಗೆ ಕೂರುತ್ತೆ. ಕಪ್ಪಿನ ಮೇಲೆ ಬಿಳಿ ಗೆರೆ ಎಷ್ಟು ಹೇಳಬಲ್ಲದು ಅಂತ ನೋಡಬೇಕಾದರೆ ಬಂಗಾಳದ ಕಲಾವಿದ ನಂದಲಾಲ್ ಬೋಸರು 1930ರಲ್ಲಿ ಮಾಡಿದ, ಕೋಲು ಹಿಡಿದು ನಡೆಯುವ ಗಾಂಧೀಜಿಯ ಲಿನೋಕಟ್ ನೋಡಿ.

ಸೊರಬ, ಮರಗೆತ್ತನೆ
ಲಿನೋ ಬಿಡಬೇಡಿ ಅಂತ ಪ್ರೆಸ್ಸಿನವರು ಹೇಳಿದ್ದು ಸರಿ. ಮರ ಈಗಲೇ ಬೇಡ. ಮರದಲ್ಲಿ ಎಳೆ ಎತ್ತ ಹೋಗುತ್ತೋ ಉಳಿಯೂ ಅತ್ತ ಜಾರುತ್ತೆ, ಪ್ಲೈವುಡ್ ಅಂತೂ ಸಿಬಿರೇಳುತ್ತೆ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಎಳೆ ಇಲ್ಲ ನಿಜ, ಆದರೆ ನಮ್ಮ ಮಳೆಗೆ ಊದುತ್ತೆ. ಎರಡೂ ಮುಖಕ್ಕೆ, ಅಂಚಿಗೂ ಅರಗಿನ ಪಾಲಿಶ್ ಎರಡು ಕೈ ಕೊಡದೆ ಮುಟ್ಟಬೇಡಿ.

ಉಳಿ ನಿಲ್ಲಿಸಿ ಅಗೆಯುವುದು ತಪ್ಪು, ಮಲಗಿಸಿ ತಳ್ಳಬೇಕು. ಶೀಟು 3 ಮಿ.ಮೀ. ಇದ್ದರೆ ಆಳ ಒಂದರಿಂದ ಒಂದೂವರೆ ಮಿ.ಮೀ. ಸಾಕು. ಕೆತ್ತದೆ ಉಳಿಸಿದ ಗೆರೆಯ ಬುಡ ಅಗಲವಾಗಿರಲಿ. ಬುಡ ಕೊರೆದುಬಿಟ್ಟರೆ ಒತ್ತಿದಾಗ ಗೆರೆ ಮುರಿದು ಬೀಳುತ್ತೆ. ಬಳುಕು ಗೆರೆಗೆ ಕೈ ತಿರುಗಿಸಬೇಡಿ, ಬ್ಲಾಕ್ ತಿರುಗಿಸಿ. ಎಡಗೈ ಯಾವತ್ತೂ ಉಳಿಯ ಹಿಂದೆ. 12 ಮಿ.ಮೀ. ಪ್ಲೈವುಡ್ ತುಂಡಿಗೆ ಮುಂದಿನ ಅಂಚಿನ ಕೆಳಗೊಂದು, ಹಿಂದಿನ ಅಂಚಿನ ಮೇಲೊಂದು ರೀಪು ಹೊಡೆಸಿ. ಮೇಜಿಗೆ ಸಿಕ್ಕಿಸಿದರೆ ಬ್ಲಾಕ್ ಜಾರಲ್ಲ, ಕೈಯೂ ಉಳಿಯುತ್ತೆ. ಉಳಿ ಕಚ್ಚಿ ಹರಿದರೆ ಮಂಡಾಗಿದೆ ಅಂತ ಅರ್ಥ, ಲೋಹದ ಪಾಲಿಶ್ ಹಚ್ಚಿದ ಚರ್ಮದ ಮೇಲೆ ಹತ್ತಿಪ್ಪತ್ತು ಸಲ ಎಳೆಯಿರಿ. ಚಳಿಗೆ ಲಿನೋ ಬಿರುಸಾಗುತ್ತೆ. ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಹಗುರಾಗಿ ಹಾಯಿಸಿದರೆ ಮೆತ್ತಗಾಗುತ್ತೆ.

ತೀರ್ಥಹಳ್ಳಿ
ಹಾಳೆ ಬಗ್ಗೆ. ಕೈಯಲ್ಲಿ ಉಜ್ಜುವುದಾದರೆ 200 ಜಿಎಸ್ಎಂ ದಪ್ಪ, ಅದು ಪ್ರೆಸ್ಸಿಗೆ. 60ರಿಂದ 120ರೊಳಗಿನ ನುಣುಪು ಹಾಳೆ, ಇಲ್ಲವೇ ರೈಸ್ ಪೇಪರ್ ತಗೊಳ್ಳಿ. ಸ್ಟೀಲ್ ಚಮಚ ಆಗುತ್ತೆ, ನಯವಾದ ಚಿಪ್ಪಿನ ಸೌಟಿನ ಬೆನ್ನು ಇನ್ನೂ ವಾಸಿ, ಅಗಲ ಜಾಸ್ತಿ. ಮೇಲೊಂದು ಬಟರ್ ಪೇಪರ್ ಇಟ್ಟು ನಡುವಿನಿಂದ ಅಂಚಿಗೆ ಸಣ್ಣ ಸುತ್ತು ಸುತ್ತಿ. ಒಂದು ಬದಿ ಒತ್ತಿ ಹಿಡಿದು ಇನ್ನೊಂದು ಮೂಲೆ ಎತ್ತಿ ನೋಡಿ, ಪೇಲವ ಇದ್ದಲ್ಲಿ ಮತ್ತೆ ಉಜ್ಜಿ.

ಮಳೆಗಾಲದಲ್ಲಿ ಹಾಳೆ ಗಾಳಿಯ ತೇವ ಕುಡಿದು ಅಲೆ ಏಳುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬೇಕಾದಷ್ಟೇ ಹೊರತೆಗೆಯಿರಿ. ನೀರಿನ ಇಂಕಿಗೆ ತೇವದ ಹಾಳೆ ಬ್ಲಾಕಿಗೆ ಅಂಟಿ ಹರಿಯುತ್ತೆ. ಎಣ್ಣೆ ಇಂಕಿನ ಕಷ್ಟ ಬೇರೆ. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು, ಥಂಡಿಯಲ್ಲಿ ನಿಧಾನ. ಬೇಸಿಗೆಯಲ್ಲಿ ಮೂರು ನಾಲ್ಕು ದಿನ ಸಾಕಾದರೆ ಈಗ ವಾರ ದಾಟಬಹುದು. ದಾರಕ್ಕೆ ಕ್ಲಿಪ್ ಹಾಕಿ ನೇತುಬಿಡಿ, ಫ್ಯಾನ್ ತಿರುಗಲಿ. ಬಚ್ಚಲ ಒಲೆಯ ಅಟ್ಟದ ಆಸೆ ಬೇಡ, ಹೊಗೆಗೆ ಹಾಳೆ ಹಳದಿಯಾಗುತ್ತೆ.

ಶಿವಮೊಗ್ಗ, ಪ್ರಿಂಟಿಂಗ್ ಪ್ರೆಸ್
ಒಣಗದಿದ್ದರೆ ಒಂದು ಚಮಚ ಎಣ್ಣೆ ಇಂಕಿಗೆ ಒಂದೆರಡು ಹನಿ ಡ್ರೈಯರ್ (ಇಂಕು ಬೇಗ ಒಣಗಿಸುವ ದ್ರವ) ಹಾಕಬಹುದು. ಅತಿಯಾದರೆ ಗಾಜಿನ ಮೇಲೇ ಕೆನೆ ಕಟ್ಟುತ್ತೆ. ತೊಳೆಯಲು ಮೊದಲು ಅಡುಗೆ ಎಣ್ಣೆ, ಆಮೇಲೆ ಸೋಪು. ಸೀಮೆಎಣ್ಣೆ ಹುಡುಕಬೇಕಿಲ್ಲ. ಲಿನ್‌ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೇ ಬಿಸಿಯಾಗಿ ತಾನಾಗಿ ಬೆಂಕಿ ಹತ್ತಬಹುದು. ಹರವಿ ಒಣಗಿಸಿ ಬಿಸಾಡಿ.

ಕೇಳಿದವರು
ಎರಡು ಬಣ್ಣ ಬೇಕಾದರೆ ಎರಡು ಬ್ಲಾಕ್ ಕೆತ್ತಬೇಕಾ?

ಸಾಗರ, ಚಿತ್ರಕಲಾ ಶಿಕ್ಷಕಿ
ಒಂದೇ ಬ್ಲಾಕಿನಲ್ಲಿ ಆಗುತ್ತೆ. ಬಿಳಿ ಬೇಕಾದಲ್ಲಿ ಕೆತ್ತಿ ತಿಳಿ ಬಣ್ಣ ಹಾಕಿ. ಅದು ಒಣಗಿದ ಮೇಲೆ ತಿಳಿ ಬಣ್ಣ ಉಳಿಯಬೇಕಾದಲ್ಲೂ ಕೆತ್ತಿ, ಅದೇ ಹಾಳೆಯ ಮೇಲೆ ಗಾಢ ಬಣ್ಣ ಒತ್ತಿ. ಕೆತ್ತಿದ್ದು ವಾಪಸ್ ಬರಲ್ಲ, ಹಾಗಾಗಿ ತಿಳಿ ಬಣ್ಣದ ಪ್ರತಿಗಳನ್ನು ಬೇಕಾದಷ್ಟೂ ಮೊದಲೇ ತೆಗೆದಿಡಬೇಕು. ಹತ್ತು ಬೇಕಾದರೆ ಹದಿನೈದರಿಂದ ಶುರು ಮಾಡಿ. ಬ್ಲಾಕಿನಷ್ಟೇ ದಪ್ಪದ ರಟ್ಟನ್ನು ಎಲ್ ಆಕಾರದಲ್ಲಿ ಹಲಗೆಗೆ ಅಂಟಿಸಿ ಬ್ಲಾಕಿನ ಮೂಲೆಯನ್ನು ಅದರೊಳಗೆ ಕೂರಿಸಿ, ಹಾಳೆಯ ಮೂಲೆಗೂ ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಿ. ಎರಡನೇ ಬಣ್ಣ ಅರ್ಧ ಮಿ.ಮೀ. ಸರಿದರೂ ಚಿತ್ತಾರದ ಎಳೆಯಲ್ಲಿ ಕಾಣುತ್ತೆ.