ಸಹಾಯ ಬೇಕು: ಅಣ್ಣನ ಹತ್ರ ಸಾಲದ ಮಾತು ಹೇಗೆ ಎತ್ತಲಿ?

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದವರು. ಎರಡು ವರ್ಷದ ಹಿಂದೆ ಅಣ್ಣ ಬೋಟ್ ಇಂಜಿನ್ ರಿಪೇರಿಗೆ ಅಂತ ನನ್ನಿಂದ 80,000 ರೂಪಾಯಿ ತಗೊಂಡಿದ್ದ. ಅರ್ಧ ಕೊಟ್ಟಿದ್ದಾನೆ. ಈಗ ಮಗಳ ಕಾಲೇಜು ಫೀಸು ಕಟ್ಟಬೇಕು, ನನ್ನ ಕೈಯೂ ಖಾಲಿ.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲೇ, ನಾಲ್ಕು ಜನರ ಎದುರು ಕೇಳಿಬಿಟ್ಟೆ. ಅವನು ಏನೂ ಹೇಳಲಿಲ್ಲ. ಬೈಕ್ ಕೀಲಿ ಬೆರಳಲ್ಲಿ ತಿರುಗಿಸುತ್ತಾ ನೆಲ ನೋಡಿದ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವತ್ತಿಂದ ನನಗೆ ನಿದ್ದೆ ಇಲ್ಲ. ತಪ್ಪಿದ್ದರೆ ಇಬ್ಬರೇ ಇರುವಾಗ ಹೇಳು ಅಂತ ಮತ್ತಾಯ 18:15ರಲ್ಲಿ ಯೇಸು ಸ್ವಾಮಿ ಹೇಳಿದ್ದಾರೆ ಅಲ್ವಾ? ನಾನು ಅದನ್ನೇ ಮರೆತೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಲ್ಲಿ ಮೀನು ಹಿಡಿಯೋದಕ್ಕೆ ನಿಷೇಧ. ಆಗ ಅವನಿಗೆ ದುಡಿಮೆಯೇ ಇರಲ್ಲ. ಆಗಸ್ಟ್‌ನಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪ ಕೊಡು ಅನ್ನೋಣ ಅಂತಿದ್ದೇನೆ. ಮೊದಲು ಕ್ಷಮೆ ಕೇಳಬೇಕು. ಆದರೆ ಕ್ಷಮೆ ಕೇಳಿದ ಬಾಯಲ್ಲೇ ದುಡ್ಡಿನ ಮಾತು ಎತ್ತಿದರೆ, ಕ್ಷಮೆ ಬರೀ ನೆಪ ಅನಿಸಲ್ವಾ? ಎರಡಕ್ಕೂ ಬೇರೆ ಬೇರೆ ದಿನ ಹೋಗಲಾ? ಪಾದ್ರಿಯವರನ್ನು ಮಧ್ಯೆ ತರುವುದು ಈಗಲೇ ಬೇಡ ಅನಿಸುತ್ತೆ. ಅವನಿಗೆ ಇನ್ನಷ್ಟು ನೋವಾಗಬಾರದು.

ಮನೆಯವರ ಜೊತೆ ಇಂಥ ಮಾತು ಆಡಿದವರು ದಯವಿಟ್ಟು ಹೇಳಿ. ಮೊದಲ ಮಾತು ಏನು ಆಡಿದಿರಿ?